ಮಂಚಯ್ಯ ಮುಚ್ಚಲು ಹೋದ ತೂಬು

ಚುಂಚನಕಟ್ಟೆ ನಾಲೆಯ ನೀರುಗಂಟಿ ಮಂಚಯ್ಯನ ಕೈಯಲ್ಲಿ ಇಪ್ಪತ್ತೆಂಟು ವರ್ಷದಿಂದ ಹನ್ನೊಂದು ತೂಬುಗಳಿವೆ. ಯಾರ ಗದ್ದೆಗೆ ಯಾವಾಗ ನೀರು ಬಿಡಬೇಕು, ಯಾವಾಗ ಮುಚ್ಚಬೇಕು ಎನ್ನುವುದೇ ಅವನ ಬದುಕು. ಕೆಲಸದಲ್ಲಿ ಕಟ್ಟುನಿಟ್ಟು, ಸರಿ; ಆದರೆ ಆಸಾಮಿ ಬಲು ಕಿತಾಪತಿ. ಜಂಬದ ಮಾದೇವ ಒಮ್ಮೆ ಗರಿಗರಿ ಪಂಚೆ ಉಟ್ಟು ಬದುವಿನ ಮೇಲೆ ನಿಂತು ದರ್ಬಾರು ಮಾಡಿದಾಗ, ನೀರನ್ನು ಸರಿಯಾಗಿ ಅವನ ಕಾಲಬುಡಕ್ಕೇ ತಿರುಗಿಸಿ, ಮೊದಲ ಮರ್ಯಾದೆ ತಮಗೇ ಎಂದು ಕೈಮುಗಿದಿದ್ದ.

ಅಂಥವನ ಮೋರೆಯೂ ಹೋದ ವರ್ಷ ಆಷಾಢದಲ್ಲಿ ಬಾಡಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಶೋಭಾ, ತಿಂಗಳು ತುಂಬುವ ಮೊದಲೇ ಹೆಣ್ಣುಕೂಸು ಹೆತ್ತಳು. ಕೂಸು ಅಳಲೇ ಇಲ್ಲ, ನರ್ಸಮ್ಮ ಅಂಗಾಲಿಗೆ ಬೆರಳಲ್ಲಿ ಚಿಮ್ಮಿ ಅಳಿಸಿದಳು ಎಂದು ಹೆಂಡತಿ ಚಿಕ್ಕಸಿದ್ದಮ್ಮ ಹೊರಗೆ ಬಂದು ಹೇಳಿದಳು. ಹತ್ತು ದಿನ ಕಳೆದು ಮೈಸೂರಿನ ಮಕ್ಕಳ ಡಾಕ್ಟರು ಅನುಶ್ರೀ ಸ್ಕ್ಯಾನ್ ಮಾಡಿ, ಹೃದಯದ ಪಕ್ಕದಲ್ಲಿ ಮುಚ್ಚಬೇಕಾದ ಸಣ್ಣ ನಾಳವೊಂದು ಮುಚ್ಚಿಲ್ಲ ಎಂದರು.

ಮಂಚಯ್ಯ ಸುಮ್ಮನಿರುವ ಗಿರಾಕಿಯೇ? ತೆರೆದವರ್ಯಾರು, ಯಾಕೆ ತೆರೆದರು ಎಂದು ಪಟ್ಟು ಹಿಡಿದ. ಡಾಕ್ಟರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಬಸುರಿನೊಳಗೆ ಕೂಸಿನ ಶ್ವಾಸಕೋಶಕ್ಕೆ ಕೆಲಸವಿಲ್ಲ. ಪ್ರಾಣವಾಯು ತಾಯಿಯಿಂದ ಹೊಕ್ಕುಳಬಳ್ಳಿಯಲ್ಲೇ ಬರುತ್ತದೆ. ಹಾಗಾಗಿ ಶ್ವಾಸಕೋಶದ ಕಡೆ ಹೊರಟ ರಕ್ತದಲ್ಲಿ ಬಹುಪಾಲು ಈ ಅಡ್ಡನಾಳ ಹಿಡಿದು ನೇರ ಮೈಗೆ ಹೋಗುತ್ತದೆ. ಹುಟ್ಟಿ ಮೊದಲ ಸಲ ಅತ್ತಾಗ ಗಾಳಿ ತುಂಬಿ ಶ್ವಾಸಕೋಶ ಅರಳುತ್ತದೆ, ರಕ್ತ ಅತ್ತ ನುಗ್ಗುತ್ತದೆ, ಎರಡು ಮೂರು ದಿನದಲ್ಲಿ ನಾಳ ತಾನೇ ಮುಚ್ಚಿಕೊಳ್ಳುತ್ತದೆ. ಅವಸರಕ್ಕೆ ಹುಟ್ಟಿದ ಕೂಸಿಗೆ ತಡವಾಗಬಹುದು. ಮೂರು ತಿಂಗಳು ನೋಡೋಣ, ಮುಚ್ಚದಿದ್ದರೆ ನಾವೇ ಮುಚ್ಚಬೇಕಾಗುತ್ತದೆ ಎಂದರು.

ಇಷ್ಟೆಲ್ಲದರಲ್ಲಿ ಮಂಚಯ್ಯನ ತಲೆಗೆ ಹೋದದ್ದು ಒಂದೇ: ಅತ್ತರೆ ಮುಚ್ಚುತ್ತದೆ. ಒಂದು ಅಳುವಿಗೆ ಮುಚ್ಚದ್ದು ನೂರು ಅಳುವಿಗೆ ಮುಚ್ಚದೇ ಎಲ್ಲಿಗೆ ಹೋದೀತು?

ಶುರುವಾಯಿತಪ್ಪ ಇವನ ವೈದ್ಯ. ಮನೆಯವರು ಅತ್ತ ತಿರುಗಿದರೆ ಸಾಕು, ಅಂಗಾಲಿಗೆ ಮೆಲ್ಲಗೆ ಚಿಮ್ಮುವನು. ಕೂಸು ಕಿಟಾರನೆ ಕಿರುಚಿದರೆ ಏನೂ ಅರಿಯದವನಂತೆ ಸೂರು ನೋಡುವನು. ಚಿಕ್ಕಸಿದ್ದಮ್ಮ ದೃಷ್ಟಿ ನಿವಾಳಿಸಿ ನಿವಾಳಿಸಿ ಮನೆಯ ಒಣಮೆಣಸಿನಕಾಯಿಯೆಲ್ಲ ಖಾಲಿಯಾಯಿತು. ಕೊನೆಗೊಂದು ಮಧ್ಯಾಹ್ನ ಬೆರಳ ಸಮೇತ ಸಿಕ್ಕಿಬಿದ್ದ.

"ನೀನು ಮನ್ಸನಾ? ಎಳೇ ಕೂಸು ಕಣ ಅದು," ಎಂದು ಅವಳು ಕೈ ಹಿಡಿದೆಳೆದಳು.

"ಊರ್ ತೂಬೆಲ್ಲಾ ಮುಚ್ಚೋನು ಕಣಮ್ಮಿ ನಾನು. ಇದೊಂದ್ಕೆ ನನ್ ಕೈ ಎಟುಕ್ತಿಲ್ವಲ್ಲಾ," ಎಂದವನು ಅತ್ತೇಬಿಟ್ಟ. ಅವಳು ಸೆರಗಿನ ತುದಿಯಿಂದ ಅವನ ಕಣ್ಣೊರೆಸಿದಳು.

ಮೂರು ತಿಂಗಳಿಗೆ ಡಾಕ್ಟರು ಮತ್ತೆ ಸ್ಕ್ಯಾನ್ ಮಾಡಿ, ನಾಳ ಪೂರ್ತಿ ಮುಚ್ಚಿದೆ ಎಂದರು. ಶೋಭಾ ಕೂಸನ್ನು ಎದೆಗೊತ್ತಿಕೊಂಡು ಕಣ್ಣೀರಿಟ್ಟಳು. ಮಂಚಯ್ಯ ಮೀಸೆ ತಿರುವುತ್ತ ತನ್ನ ಸಾಹಸವನ್ನೆಲ್ಲ ಒಪ್ಪಿಸಿದ. ಡಾಕ್ಟರು ನಗು ತಡೆದುಕೊಂಡು, ಅಳಿಸಿದ್ದಕ್ಕೂ ಮುಚ್ಚಿದ್ದಕ್ಕೂ ಏನೇನೂ ಸಂಬಂಧವಿಲ್ಲ, ಅದು ತಾನಾಗಿ ಮುಚ್ಚಿಕೊಂಡದ್ದು ಎಂದು ಗದರಿದರು.

ಹೊರಗೆ ಬಂದವನೇ ಮಂಚಯ್ಯ, ಶೋಭಾಳಿಂದ ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದ. ಅವನ ಮುಖ ಕಂಡದ್ದೇ ತಡ, ಕೂಸು ಎರಡೂ ಕಾಲನ್ನು ಹೊಟ್ಟೆಗೆ ಎಳೆದುಕೊಂಡು ಹೋ ಎಂದು ಅತ್ತಿತು.

"ಅಳ್ಲಿ ಬುಡವ್ವ. ಉಸ್ರು ಗಟ್ಟಿಯಾಗದೆ," ಎಂದು ಮಂಚಯ್ಯ ಕೈ ಹಿಂದಕ್ಕೆ ತೆಗೆದುಕೊಂಡ. ಬಸ್‌ಸ್ಟ್ಯಾಂಡಿನ ತನಕ, ಕೂಸಿಗೆ ತನ್ನ ಮುಖ ಕಾಣದ ಹಾಗೆ, ಹತ್ತು ಹೆಜ್ಜೆ ಹಿಂದೆಯೇ ನಡೆದ.