ಮುಚ್ಚುವ ಮುನ್ನ ಎಣಿಸುವ ಸೈಕಲ್ ಅಕ್ಕ

ಬೆಳಗಿನ ಐದೂವರೆ. ಬೀದಿದೀಪ ಇನ್ನೂ ಆರಿಲ್ಲ. ಮೂಲೆಯ ಸೈಕಲ್ ಅಂಗಡಿಯ ಶಟರ್ ಸೊಂಟದೆತ್ತರಕ್ಕೆ ಎದ್ದಿದೆ. ಒಳಗೆ ಹೆಂಗಸೊಬ್ಬರು ಬಗ್ಗಿಕೊಂಡು ನೆಲ ಗುಡಿಸುತ್ತಿದ್ದಾರೆ. ಕೈಯಲ್ಲಿರುವುದು ಪೊರಕೆಯಲ್ಲ, ಹಳೆಯ ಸ್ಪೀಕರಿನಿಂದ ಕಿತ್ತ ಅಯಸ್ಕಾಂತ, ಅದಕ್ಕೊಂದು ಕೋಲು. ನಿನ್ನೆ ಉರುಳಿಹೋದ ನಟ್ಟು, ವಾಷರ್, ಚೂರುಪಾರೆಲ್ಲ ಅದಕ್ಕೆ ಬಂದು ಅಂಟಿಕೊಳ್ಳಬೇಕು. ಬೀದಿಯವರಿಗೆ ಇವರು ಸೈಕಲ್ ಅಕ್ಕ. ವಯಸ್ಸು ಐವತ್ತಾರು. ಅವರಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಅನ್ನುತ್ತಾರೆ, ಅದಕ್ಕೆ ಅವರಿಗೇನೂ ಬೇಜಾರಿಲ್ಲ.

ಈ ದಿನ ಅಯಸ್ಕಾಂತಕ್ಕೆ ಎರಡು ವಾಷರ್, ಒಂದು ಸ್ಪೋಕ್ ತುಂಡು ಅಂಟಿವೆ. ಜೊತೆಗೆ, ನಿನ್ನೆ ಎತ್ತದೆ ಬಿಟ್ಟ ಚಾಪೆಯಡಿಯಿಂದ, ಬಟಾಣಿಗಿಂತ ಚಿಕ್ಕದೊಂದು ಬೇರಿಂಗ್ ಗುಂಡು. ಅಕ್ಕ ಅದನ್ನು ದೀಪಕ್ಕೆ ಹಿಡಿಯುತ್ತಾರೆ. ಹಳೆಯದಾಗಿದ್ದರೆ ಮಂಕಾಗಿರಬೇಕಿತ್ತು, ಇದು ಫಳಫಳ ಹೊಳೆಯುತ್ತಿದೆ. ಈ ವಾರ ಹೊಸ ಗುಂಡಿನ ಡಬ್ಬಿ ಒಡೆದದ್ದು ಒಂದೇ ಗಾಡಿಗೆ, ಅದರ ಹಿಂದಿನ ಚಕ್ರಕ್ಕೆ. ಆ ಗಾಡಿ ನಿನ್ನೆ ಬೆಳಿಗ್ಗೆಯೇ ದೂರದ ದಾರಿ ಹಿಡಿದಿದೆ. ಗುಡಿಸುವುದನ್ನು ಅಲ್ಲಿಗೇ ಬಿಟ್ಟು ಅಕ್ಕ ಗುಂಡನ್ನು ಸೆರಗಿನ ತುದಿಗೆ ಗಂಟುಹಾಕಿಕೊಳ್ಳುತ್ತಾರೆ.

ಆ ಗಾಡಿಯ ಕಥೆ ಹೇಳದೆ ಮುಂದೆ ಹೋಗುವಂತಿಲ್ಲ. ಹಿಂದೆ ಮುಂದೆ ಕ್ಯಾರಿಯರ್ ಇರುವ, ದೂರ ಪ್ರಯಾಣಕ್ಕೆಂದೇ ಮಾಡಿದ ಸೈಕಲ್. ಹನ್ನೆರಡು ವರ್ಷ ಯಾರದೋ ಮನೆಯ ಮೆಟ್ಟಿಲಡಿ ಬಿದ್ದಿತ್ತು. ಕೊಂಡು ತಂದವರು ಹೋದ ತಿಂಗಳಷ್ಟೇ ನಿವೃತ್ತರಾದ ಆಪರೇಷನ್ ಥಿಯೇಟರ್ ನರ್ಸ್. "ಮೂವತ್ತೈದು ವರ್ಷ ಕಿಟಕಿನೇ ಇಲ್ದಿರೋ ರೂಮಲ್ಲಿ ನಿಂತಿದೀನಿ ಅಕ್ಕ. ಈಗ ಸಮುದ್ರದ ತನಕ ಹೋಗ್ಬೇಕು, ಬಸ್ಸಲ್ಲಲ್ಲ" ಎಂದಿದ್ದರಂತೆ. ಅವರು ಆರಿಸಿದ ಸುತ್ತುದಾರಿಯಲ್ಲಿ ಸಮುದ್ರಕ್ಕೆ ಸಾವಿರದ ಇನ್ನೂರು ಕಿಲೋಮೀಟರ್. ಸೀಟಿನ ಕಂಬ ತುಕ್ಕು ಹಿಡಿದು ಕಚ್ಚಿಕೊಂಡಿತ್ತು, ಜಪ್ಪಯ್ಯ ಅಂದರೂ ಅಲುಗುತ್ತಿರಲಿಲ್ಲ. ನಾಲ್ಕು ದಿನ ಎಣ್ಣೆ ಕುಡಿಸಿದ ಮೇಲೆ ಬಾಯಿಬಿಟ್ಟಿತು. ಎಪ್ಪತ್ತೆರಡು ಸ್ಪೋಕುಗಳನ್ನೂ ಬಿಚ್ಚಿ ಹೊಸದು ಕಟ್ಟಿದ್ದಾಯಿತು. ಬ್ರೇಕು, ಚೈನು, ಪೆಡಲು ಎಲ್ಲ ಬದಲಾಗಿ, ಮೂರು ವಾರದ ಹೊತ್ತಿಗೆ ಹಳೆಯದಾಗಿ ಉಳಿದದ್ದು ಚೌಕಟ್ಟು ಮತ್ತು ಬೆಲ್ಲು ಮಾತ್ರ.

ಅಕ್ಕನಿಗೆ ಈ ವಿದ್ಯೆ ಕಲಿಸಿದವರು ಮಾವ, ಗಂಡನ ತಂದೆ. "ಮಾವನ ಕೈ ನಡುಗೋಕೆ ಶುರುವಾಗಿತ್ತು. ಅವ್ರು ಸ್ಟೂಲ್ ಮೇಲೆ ಕೂತು ಹೇಳೋರು, ನಾನು ಮಾಡ್ತಿದ್ದೆ. ಸೊಸೆ ಕೈಗೆ ಗ್ರೀಸ್ ಹತ್ತಿಸ್ತಾರೆ ಅಂತ ನಮ್ಮತ್ತೆ ಆರು ತಿಂಗಳು ಅವ್ರ ಜೊತೆ ಮಾತು ಬಿಟ್ಟಿದ್ರು" ಎಂದು ನಗುತ್ತಾರೆ. ಇದು ಮೂವತ್ತೆರಡು ವರ್ಷದ ಹಿಂದಿನ ಮಾತು. ಈಗ ದಿನಕ್ಕೆ ಎಂಟೋ ಹತ್ತೋ ಪಂಚರ್, ನಾಲ್ಕೈದು ಬ್ರೇಕ್, ವಾರಕ್ಕೆರಡು ಚಕ್ರ. ಉಗುರಿನ ಸಂದಿಯ ಕಪ್ಪು ಯಾವ ಸೋಪಿಗೂ ಬಗ್ಗುವುದಿಲ್ಲ. ಮಂಡಿ ನೋವು ಬೇರೆ. ಗಾಳಿ ಹೊಡೆಯುವ ಖಾತೆ ಮಾತ್ರ ಯಜಮಾನರದು. ಅದನ್ನೇ ಅವರು ಇಡೀ ಅಂಗಡಿ ನಡೆಸಿದಷ್ಟು ಗತ್ತಿನಿಂದ ನಿಭಾಯಿಸುತ್ತಾರೆ.

ಮಾವ ಬಿಟ್ಟುಹೋದದ್ದು ಒಂದು ಕಟ್ಟಳೆ. ಚಕ್ರದ ನಡುವಿನ ಹಬ್‌ನಲ್ಲಿ ಎಡಕ್ಕೊಂದು ಬಲಕ್ಕೊಂದು ಬಟ್ಟಲಿರುತ್ತದೆ. ಬಟ್ಟಲಿನ ಸುತ್ತ ಹತ್ತು ಗುಂಡು ಒತ್ತಾಗಿ ಜೋಡಿಸಿ, ಆಮೇಲೆ ಒಂದನ್ನು ತೆಗೆದು ಡಬ್ಬಿಗೆ ಹಾಕಬೇಕು. ಉಳಿದ ಒಂಬತ್ತಕ್ಕೆ ಹೊರಳಲು ಜಾಗ ಸಿಗುತ್ತದೆ. ಮೊನ್ನೆ ಬಲಬಟ್ಟಲಿನ ಗುಂಡು ತೆಗೆಯುವ ಹೊತ್ತಿಗೇ ನರ್ಸಮ್ಮ ಸೀಟಿನ ಎತ್ತರ ಕೇಳಲು ಬಂದಿದ್ದರು. ಅಕ್ಕ ಮಾತಿಗೆ ನಿಂತರು. ಹಾಗಾದರೆ ಚಾಪೆಯಡಿ ಸಿಕ್ಕಿದ್ದು ತಾವೇ ತೆಗೆದು ಡಬ್ಬಿಗೆ ಹಾಕಲು ಮರೆತ ಗುಂಡೋ, ತಾವು ತೆಗೆದ ಮೇಲೆ ಜಾರಿಬಿದ್ದ ಇನ್ನೊಂದೋ? ಮೊದಲನೆಯದಾದರೆ ಚಿಂತೆಯಿಲ್ಲ. ಎರಡನೆಯದಾದರೆ ಒಳಗಿರುವುದು ಎಂಟೇ. ಮೈತುಂಬ ಸಾಮಾನು ಹೊತ್ತ ಗಾಡಿ ಇಳಿಜಾರಿನಲ್ಲಿ ಹಾರುವಾಗ ಎಂಟು ಗುಂಡು ಒಂದರ ಮೇಲೊಂದು ನುಗ್ಗಿ ಬಟ್ಟಲನ್ನೇ ತಿಂದುಹಾಕುತ್ತವೆ. ಚಕ್ರ ಕಚ್ಚಿಕೊಂಡರೆ ನರ್ಸಮ್ಮನ ಗತಿ?

ನರ್ಸಮ್ಮ ಅಂಗಡಿಯ ಗೋಡೆಗೆ ಅಂಟಿಸಿಹೋದ ದಾರಿಯ ಪಟ್ಟಿ ಕಣ್ಣಿಗೆ ರಾಚುತ್ತದೆ. ಎರಡನೇ ದಿನ: ಘಟ್ಟ ಇಳಿಯುವುದು, ಹದಿನೆಂಟು ಕಿಲೋಮೀಟರ್. ಎರಡನೇ ದಿನ ಅಂದರೆ ಇವತ್ತೇ. ಫೋನ್ ಮಾಡಿದರೆ ಸ್ವಿಚ್ ಆಫ್. ಹಗಲು ಅದನ್ನು ಆನ್ ಮಾಡುವುದಿಲ್ಲ ಎಂದು ಅವರು ಮೊದಲೇ ಹೇಳಿದ್ದಾರೆ, ಅದು ಕರೆದಾಗಲೆಲ್ಲ ಎದ್ದು ಓಡಿದ್ದು ಸಾಕಾಗಿದೆಯಂತೆ.

ಅಕ್ಕ ಎರಡು ಸ್ಪಾನರ್, ಆ ಸ್ಪೋಕ್ ತುಂಡು, ಒಂದು ಡಬ್ಬಿ ಗ್ರೀಸ್, ಒಂದು ಟವೆಲ್ ಚೀಲಕ್ಕೆ ತುಂಬುತ್ತಾರೆ.

"ಒಂದು ಗುಂಡಿಗೋಸ್ಕರ ಬಸ್ ಹತ್ತುತ್ತೀಯಾ? ತಲೆಗಿಲೆ ಕೆಟ್ಟಿದೆಯಾ ನಿಂಗೆ?" ಎಂದು ಯಜಮಾನರು ಪಂಪ್ ಹಿಡಿದುಕೊಂಡೇ ಕೇಳುತ್ತಾರೆ.

"ಒಂದೇ ಗುಂಡು ಅಂತಾನೇ ಹೋಗ್ತಿರೋದು. ನಾಲ್ಕು ಬಿದ್ದಿದ್ರೆ ಚಕ್ರ ಇಲ್ಲೇ ಅಲ್ಲಾಡಿರೋದು, ಗೊತ್ತಾಗಿರೋದು. ಅಂಗಡಿ ನೋಡ್ಕೊಳ್ರೀ."

ಆರರ ಬಸ್ಸು. ಎರಡು ಗಂಟೆಯ ದಾರಿಯುದ್ದಕ್ಕೂ ಅಕ್ಕ ಕಿಟಕಿಯಿಂದ ಕಣ್ಣು ತೆಗೆಯುವುದಿಲ್ಲ. ಒಂದು ಸೈಕಲ್ಲೂ ಕಾಣುವುದಿಲ್ಲ. ಘಟ್ಟದ ನೆತ್ತಿಯಲ್ಲಿ ಇಳಿದು, ಇಳಿಜಾರು ಶುರುವಾಗುವ ಕಡೆ ಮೋರಿಯ ಕಟ್ಟೆಯ ಮೇಲೆ ಕೂರುತ್ತಾರೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು. ಆಗಲೇ ಇಳಿದುಹೋಗಿದ್ದರೆ? ಲಾರಿಯ ಸದ್ದು ಕೇಳಿದಾಗಲೆಲ್ಲ ಕಟ್ಟೆಯಿಂದೆದ್ದು ದಾರಿಯತ್ತ ಇಣುಕುತ್ತಾರೆ. ಕೊನೆಗೂ ತಿರುವಿನಲ್ಲಿ ಕಿತ್ತಳೆ ಬಣ್ಣದ ಚೀಲ, ಅದರ ಮುಂದೆ ಏದುಸಿರು ಬಿಡುವ ನರ್ಸಮ್ಮ. ಅಕ್ಕನಿಗೆ ಅರ್ಧ ಜೀವ ಬಂದಂತಾಗುತ್ತದೆ.

"ಅಕ್ಕ? ನೀವಿಲ್ಲಿ? ಮನೇಲಿ ಎಲ್ಲ ಆರಾಮ ತಾನೆ?"

"ಆರಾಮಾಗೇ ಇದಾರೆ. ಸಿಸ್ಟರ್, ಒಂಚೂರು ಇಳೀರಿ. ಅಂಗಡೀಲಿ ಒಂದು ಗುಂಡು ಸಿಕ್ತು. ನಿಮ್ಮ ಚಕ್ರದ್ದೋ ಏನೋ ಅಂತ ಅನುಮಾನ."

ನಗುತ್ತಾರೆ ಎಂದುಕೊಂಡಿದ್ದರು ಅಕ್ಕ. ನರ್ಸಮ್ಮ ನಗುವುದಿಲ್ಲ. ಸಾಮಾನು ಇಳಿಸಿ, ಬಾಟಲಿಯ ನೀರಿನಲ್ಲಿ ಕೈ ತೊಳೆದುಕೊಂಡು ಪಕ್ಕದಲ್ಲಿ ಬಂದು ಕೂರುತ್ತಾರೆ. "ಹೊಟ್ಟೆ ಹೊಲಿಯೋ ಮುಂಚೆ ನಾವೂ ಎಣಿಸ್ತಿದ್ವಿ ಅಕ್ಕ. ಒಂದು ತುಂಡು ಬಟ್ಟೆ ಲೆಕ್ಕಕ್ಕೆ ಸಿಗದಿದ್ರೆ ದೊಡ್ಡ ಡಾಕ್ಟರ್ ಆದ್ರೂ ಕಾಯ್ಲೇಬೇಕಿತ್ತು. ಬಿಚ್ಚಿ, ನಾನು ಎಣಿಸ್ತೀನಿ."

ಟವೆಲಿನ ಮೇಲೆ ಚಕ್ರ ಮಲಗುತ್ತದೆ. ಅಕ್ಕ ಅಚ್ಚನ್ನು ಹೊರಗೆಳೆಯುತ್ತಾರೆ. ಎಡಬಟ್ಟಲು, ಒಂಬತ್ತು. ಬಲಬಟ್ಟಲಿನಲ್ಲಿ ಗುಂಡುಗಳು ಗ್ರೀಸಿನೊಳಗೆ ಹುದುಗಿಕೊಂಡಿವೆ. ಅಕ್ಕ ಸ್ಪೋಕ್ ತುದಿಯಿಂದ ಒಂದೊಂದನ್ನೇ ಮುಟ್ಟುತ್ತಾರೆ, ನರ್ಸಮ್ಮ ಥಿಯೇಟರಿನ ದನಿಯಲ್ಲಿ ಗಟ್ಟಿಯಾಗಿ ಹೇಳುತ್ತಾರೆ. ಆರು. ಏಳು. ಎಂಟು. ಮುಂದಿನದು ಕಾಣುವುದಿಲ್ಲ. ಅಕ್ಕ ಗ್ರೀಸಿನ ದಪ್ಪ ಮುದ್ದೆಯೊಂದನ್ನು ಸರಿಸುತ್ತಾರೆ.

"ಒಂಬತ್ತು" ಎನ್ನುತ್ತಾರೆ ನರ್ಸಮ್ಮ. "ಲೆಕ್ಕ ಸರಿ ಇದೆ. ಮುಚ್ಬಹುದು."

ಅಕ್ಕ ಮುಚ್ಚುವುದಿಲ್ಲ. ಮೊದಲು ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಬೆಳಗಿನಿಂದ ಹಿಡಿದಿಟ್ಟ ಅಳುವೂ ನಗುವೂ ಒಟ್ಟಿಗೇ ಬಂದುಬಿಟ್ಟಿವೆ. ಅದೆಂಥ ಹಗುರ ಅಂತೀರಿ, ಮಂಡಿ ನೋವು ಕೂಡ ಮರೆತುಹೋಗಿದೆ. ಹೊಸ ಗ್ರೀಸ್ ತುಂಬಿ ಚಕ್ರ ಸಿಕ್ಕಿಸಿದ ಮೇಲೆ ನರ್ಸಮ್ಮ ಬೆಲ್ಲು ಹೊಡೆದು ಇಳಿಜಾರಿಗೆ ಬೀಳುತ್ತಾರೆ. ಮೂರನೇ ತಿರುವಿನಾಚೆಗೂ ಆ ಹಳೇ ಬೆಲ್ಲಿನ ಸದ್ದು ಕೇಳುತ್ತಲೇ ಇರುತ್ತದೆ.

ಸಮುದ್ರದ ಮುಂದೆ ನಿಂತ ಸೈಕಲ್ಲಿನ ಫೋಟೋ ಈಗ ದಾರಿಯ ಪಟ್ಟಿಯ ಪಕ್ಕ ಗೋಡೆಯ ಮೇಲಿದೆ. ಅಂಗಡಿಗೊಂದು ಹೊಸ ಪದ್ಧತಿಯೂ ಬಂದಿದೆ. ಹಬ್ ಮುಚ್ಚುವ ಮುನ್ನ ಗಿರಾಕಿಯೇ ಬಗ್ಗಿ ನೋಡಿ ಗಟ್ಟಿಯಾಗಿ ಎಣಿಸಬೇಕು. ಗಿರಾಕಿ ಇಲ್ಲದಿದ್ದರೆ ಯಜಮಾನರು ಪಂಪ್ ಕೆಳಗಿಟ್ಟು ಬರಬೇಕು, ಗೊಣಗುತ್ತಲಾದರೂ ಸರಿ. ಆ ದಿನ ಬಸ್ಸು ಹತ್ತಿದ್ದು ಸುಮ್ಮನೆ ದಂಡವಾಯಿತಲ್ಲ ಎಂದರೆ ಅಕ್ಕ ತಲೆಯಾಡಿಸುತ್ತಾರೆ.

"ದಂಡ ಯಾಕಾಗುತ್ತೆ? ಮೂವತ್ತೆರಡು ವರ್ಷದಲ್ಲಿ, ನಾನು ಮುಚ್ಚಿದ ಚಕ್ರನ ನಾನೇ ನಂಬದೆ ಬಿಚ್ಚಿದ್ದು ಅದೊಂದೇ ಸಲ" ಎನ್ನುತ್ತಾರೆ, ಅಯಸ್ಕಾಂತದ ಕೋಲನ್ನು ಮೂಲೆಗಿಡುತ್ತ. "ಬಿಚ್ಚಿದಾಗ್ಲೂ ಸರಿಯಾಗೇ ಇತ್ತು."