ಚಿನ್ನುಗೆ ಕನ್ನಡ ಕಲಿಸಿದ್ದು ಯಾರು?

ಕಳೆದ ಭಾನುವಾರ ಗುಂಡ್ಲುಪೇಟೆಯ ನನ್ನ ತಮ್ಮನ ಮನೆಯಲ್ಲಿ ಒಂದು ಅಪರಾಧ ನಡೆಯಿತು. ಅವನ ಎರಡೂವರೆ ವರ್ಷದ ಮಗಳು ಚಿನ್ನು ಕನ್ನಡ ಮಾತಾಡಿಬಿಟ್ಟಳು!

ನಗಬೇಡಿ. ಆ ಮನೆಯಲ್ಲಿ ಕಾನೂನಿದೆ. ಮಗುವಿನ ಹತ್ತಿರ ಇಂಗ್ಲಿಷ್ ಮಾತ್ರ. ತಮ್ಮ, ಅವನ ಹೆಂಡತಿ ಸೌಮ್ಯ ಇಬ್ಬರೂ 'ಈಟ್ ಬೇಬಿ, ಸ್ಲೀಪ್ ಬೇಬಿ' ಅನ್ನುತ್ತಲೇ ಇರುತ್ತಾರೆ. ಇಂಗ್ಲಿಷ್ ಬಾರದ ನಮ್ಮಮ್ಮನಿಗೆ ಮೌನವ್ರತ. (ಮೊಮ್ಮಗಳನ್ನು ಎತ್ತಿಕೊಳ್ಳಬಹುದು, ಮಾತಾಡಿಸುವಂತಿಲ್ಲ. ನನಗಂತೂ ಹೊಟ್ಟೆ ಉರಿಯುತ್ತದೆ.)

ನಾವೆಲ್ಲ ಕಾಫಿ ಕುಡಿಯುತ್ತಿದ್ದೆವು. ಚಿನ್ನು ಸೊಂಟಕ್ಕೆ ಕೈಯಿಟ್ಟು ಗೊಂಬೆಗೆ ಗದರಿದಳು: "ನಿಮ್ಮವ್ವನ್ ಮನ್ಗೆ ಓಗು!"

ಸೌಮ್ಯ ಲೋಟ ಕುಕ್ಕಿದಳು. "ಅತ್ತೆ, ಇದು ನಿಮ್ದೇ ಕೆಲ್ಸ. ನಾವ್ ಡ್ಯೂಟಿಗೋದಾಗ ಮಾತಾಡಿಸ್ತೀರಿ. ಬ್ಯಾಗ್ ತುಂಬ್ಕೊಡ್ತೀನಿ, ಸ್ವಲ್ಪ ದಿನ ನಿಮ್ಮೂರು ಉಮ್ಮತ್ತೂರಲ್ಲೇ ಇದ್ಬುಡಿ."

"ನಾನು ತುಟಿ ಪಿಟಕ್ ಅಂದಿಲ್ಲ ಕಣವ್ವ." ಅಮ್ಮನ ಕಣ್ಣು ತುಂಬಿತು. "ಮಗಿನ ಬುಟ್ಟು ಎಂಗಿರನ?" ಸೌಮ್ಯ ಕೇಳದೆ ಅಮ್ಮನ ಸೀರೆಗಳನ್ನು ಬ್ಯಾಗಿಗೆ ತುಂಬಿ ಬಾಗಿಲ ಬಳಿ ತಂದಿಟ್ಟಳು.

ನಾನು ಯಾರನ್ನೂ ಸುಲಭಕ್ಕೆ ನಂಬುವವಳಲ್ಲ. ಅಮ್ಮನ ಮೇಲೂ ಅನುಮಾನ ಬಂತು. ಬಟ್ಟೆ ಒಣಹಾಕಲು ತಾರಸಿಗೆ ಹೋಗುವಾಗ ಮಗುವನ್ನೂ ಒಯ್ಯುತ್ತಾಳಲ್ಲ, ಅಲ್ಲಿ ಗುಟ್ಟಾಗಿ ಕಥೆ ಹೇಳುತ್ತಾಳೋ? ಆದರೆ ಯಾವ ಅಜ್ಜಿ ಮೊಮ್ಮಗಳಿಗೆ 'ನಿಮ್ಮವ್ವನ ಮನೆಗೆ ಹೋಗು' ಅಂತಾಳೆ? ಆ ಮಾತನ್ನು ಯಾರು ಯಾರಿಗೆ ಅನ್ನುವುದು? ಮದುವೆಯಾದವರಿಗೆ ಬಿಡಿಸಿ ಹೇಳಬೇಕಿಲ್ಲ.

ತಮ್ಮನ ಕಡೆ ನೋಡಿದೆ. ಅವನು ಇದ್ದಕ್ಕಿದ್ದಂತೆ ಬೈಕ್ ಕೀ ಹುಡುಕತೊಡಗಿದ. (ಕೀ ಕೈಯಲ್ಲೇ ಇತ್ತು.)

"ಅದ್ಕೆ ಗೊಂಬೆ ಏನಂತು ಕಣಮ್ಮಿ?" ಚಿನ್ನುವನ್ನು ಕೇಳಿಯೇಬಿಟ್ಟೆ.

ಅವಳು ಗೊಂಬೆಯನ್ನೆತ್ತಿ ಅಲ್ಲಾಡಿಸಿ, ದನಿ ಬದಲಿಸಿದಳು: "ಓಯ್ತೀನಿ ಬುಡು! ಯಾರ್ಗ್ ಬೇಕು ಈ ಮನೆ!"

ಸಾಕ್ಷಾತ್ ಸೌಮ್ಯಳ ದನಿ. ಮೂಗು ಏರಿಸಿದ್ದೂ ಅವಳ ಹಾಗೆಯೇ. ಆಮೇಲೆ ಯಾರೂ ಕಾಫಿ ಮುಟ್ಟಲಿಲ್ಲ.

ಮಗುವಿಗೆಂದೇ ಆರಿಸಿ ಆರಿಸಿ ಆಡುವ ಮಾತು ಅದರ ಕಿವಿಗೆ ಎಷ್ಟು ಬೀಳುತ್ತದೋ ಕಾಣೆ. ನಾವು ನಾವೇ ಕಿತ್ತಾಡಿದ್ದು ಮಾತ್ರ ಪೂರ್ತಿ ಬೀಳುತ್ತದೆ. ಮುದ್ದು ಇಂಗ್ಲಿಷಿನಲ್ಲಿ, ಜಗಳ ಅಪ್ಪಟ ಕನ್ನಡದಲ್ಲಿ. ಅಪ್ಪ ಅಮ್ಮ ಮನಸ್ಸಿಟ್ಟು ಆಡುವ ಭಾಷೆ ಯಾವುದೆಂದು ಮಗುವಿಗೆ ತಿಳಿಯದೇ?

ಹೊರಟಾಗ ಅಮ್ಮ ಗೇಟಿನವರೆಗೂ ಬಂದು ಪಿಸುಗುಟ್ಟಿದಳು, "ನಂಗೊತ್ತಿತ್ತು ಕಣಮ್ಮಿ. ಏಳುದ್ರೆ ಇನ್ನೊಂದ್ ಜಗ್ಳ ಅಂತ ಸುಮ್ಕಿದ್ದೆ."

ಮಾರನೆಯ ದಿನ ಫೋನ್ ಮಾಡಿದೆ. ತುಂಬಿಟ್ಟ ಬ್ಯಾಗು ಬಾಗಿಲ ಬಳಿಯೇ ಇದೆಯಂತೆ, ಇನ್ನೂ ಯಾರೂ ಒಳಗಿಟ್ಟಿಲ್ಲವಂತೆ.

ನೀವೇ ಹೇಳಿ, ಆ ಬ್ಯಾಗು ಹಿಡಿದು ಬಸ್ಸು ಹತ್ತಬೇಕಾದವರು ಯಾರು?