ಖಾಲಿ ಬೀಡಿ

ಆಗ ನನಗೆ ಅರವತ್ತಾರು. ಇದು ನಡೆದು ಈಗ ನಾಲ್ಕು ವರ್ಷ.

ನಮ್ಮ ಗ್ಯಾರೇಜು ಗುರುವಾಯನಕೆರೆಯಿಂದ ಮೂಡುಬಿದಿರೆಗೆ ಹೋಗುವ ರಸ್ತೆಯಲ್ಲಿತ್ತು. ಗ್ಯಾರೇಜು ಅಂದರೆ ದೊಡ್ಡದಲ್ಲ. ಶೀಟು ಹಾಕಿದ ಶೆಡ್ಡು, ಎರಡು ಕಾರು ನಿಲ್ಲುವ ಜಾಗ, ಅದರ ಹಿಂದೆ ಮನೆ. ಗಂಡ ಕಾರಿನ ಕೆಲಸ ಮಾಡುತ್ತಿದ್ದರು. ನಾನು ಶೆಡ್ಡಿನ ಮೂಲೆಯಲ್ಲಿ ಮೊರದಂಥ ಬೆತ್ತದ ತಡ್ಪೆಯನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದೆ. ನನ್ನ ಓದು ಮೂರನೇ ಕ್ಲಾಸು. ವಾಮದಪದವಿನ ತವರುಮನೆಯಲ್ಲಿ ನನಗೆ ಅಕ್ಷರಕ್ಕಿಂತ ಮೊದಲು ಬೀಡಿ ಬಂತು. ಅಕ್ಷರ ಆಮೇಲೂ ಅಷ್ಟಾಗಿ ಬರಲಿಲ್ಲ.

ಎಂಜಿನ್ನಿನ ಪೈಪು ಬಿಚ್ಚಿದರೆ ಅದರ ಬಾಯಿ ತೆರೆದೇ ಇರುತ್ತದೆ. ಧೂಳು ಹೋಗಬಾರದು, ನಟ್ಟು ಬೀಳಬಾರದು. ಬೇರೆ ಗ್ಯಾರೇಜಿನವರು ಬಟ್ಟೆಯ ಚೂರು ತುರುಕುತ್ತಾರೆ. ಸಣ್ಣ ಪೈಪಿಗೆ ಬಟ್ಟೆ ತುರುಕಿದರೆ ಎಳೆ ಒಳಗೆ ಉಳಿಯುತ್ತದೆ ಎಂದು ಇವರಿಗೆ ಸಿಟ್ಟು. ಅದಕ್ಕೆ ನಾನು ಖಾಲಿ ಬೀಡಿ ಸುತ್ತಿ ಕೊಡುತ್ತಿದ್ದೆ. ಒಳಗೆ ಹೊಗೆಸೊಪ್ಪು ಇಲ್ಲ, ಬರೀ ಎಲೆಯ ಮೇಲೆ ಎಲೆ, ಗಟ್ಟಿಯಾಗಿ. ಕಂಪನಿಯ ಬೀಡಿಯ ಜೊತೆ ಬೆರೆತು ಹೋಗಬಾರದೆಂದು ಹಸಿರು ನೂಲಿನಲ್ಲಿ ಎರಡು ಗಂಟು. ಕೆಲಸ ಮುಗಿದು ಪೈಪು ಜೋಡಿಸುವಾಗ ಇವರು ಒಂದೊಂದನ್ನೇ ಎಳೆದು ನನ್ನ ತಡ್ಪೆಗೆ ಎಸೆಯುತ್ತಿದ್ದರು. "ತಗೋ ಮಾರಾಯ್ತಿ, ನಿನ್ನ ಆಸ್ತಿ." ಕೊಟ್ಟದ್ದೆಲ್ಲ ವಾಪಸು ಬಂದರೆ ಬಾನೆಟ್ಟು ಮುಚ್ಚಬಹುದು. ಬರದಿದ್ದರೆ ನಾನು ಕೇಳುತ್ತಿದ್ದೆ, ಇವರು ಬೈದುಕೊಂಡು ಹುಡುಕುತ್ತಿದ್ದರು. ಮದುವೆಯಾದಂದಿನಿಂದ ಹೀಗೇ.

ಆ ವರ್ಷ ಇವರಿಗೆ ಮರೆವು ಹಿಡಿದಿತ್ತು. ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವ ಮರೆವಲ್ಲ. ಉಂಡು ಕೈ ತೊಳೆದು ಬಂದು, ಇವತ್ತು ಊಟ ಇಲ್ಲವಾ ಎಂದು ಕೇಳುವ ಮರೆವು. ಹಳೆಯದೆಲ್ಲ ನೆನಪಿತ್ತು. ನಿನ್ನೆಯದು ಇರಲಿಲ್ಲ. ಒಂದು ಸಲ ಕಾರಿನ ಚಕ್ರದ ನಟ್ಟುಗಳನ್ನು ಬರೀ ಕೈಯಲ್ಲಿ ತಿರುಗಿಸಿ, ಆಯಿತು ಎಂದು ಕೀ ಕೊಟ್ಟಿದ್ದರು. ನಾನು ನೋಡಿದ್ದೆ, ಹೇಳಿದೆ, ಬಿಗಿ ಮಾಡಿದರು. ಡಾಕ್ಟರು ಕೆಲಸ ನಿಲ್ಲಿಸಿ ಎಂದರು. ಬಂಟ್ವಾಳಕ್ಕೆ ಕೊಟ್ಟ ಮಗಳಂತೂ ಫೋನಿನಲ್ಲೇ ಕಿರುಚಿದಳು.

"ಯಾರಾದ್ರೂ ಸತ್ತ ಮೇಲೆ ನೀನು ಬಾಗಿಲು ಹಾಕಿಸುವುದಾ ಅಮ್ಮ?"

"ಬಾಗಿಲು ಹಾಕಿ ಇವರನ್ನು ಎಲ್ಲಿ ಕೂರಿಸ್ಲಿ? ನಿನ್ನ ಷೋಕೇಸಿನಲ್ಲಾ?" ಎಂದೆ.

ಹೇಳುವುದೇನೋ ಹೇಳಿದೆ. ನನಗೂ ಹೆದರಿಕೆ ಇತ್ತು. ಅಡುಗೆಮನೆಗಿಂತ ಶೆಡ್ಡಿನಲ್ಲೇ ಹೆಚ್ಚು ಕೂರುತ್ತಿದ್ದೆ. ನಡುವೆ ನನ್ನ ಕಣ್ಣಿನ ಪೊರೆ ತೆಗೆಸಬೇಕಾಯಿತು. ಆಪರೇಷನ್ ಮುಗಿಸಿ ಮಗಳ ಮನೆಯಲ್ಲಿ ಉಳಿದೆ. ಅಷ್ಟು ದಿನ ಶೆಡ್ಡಿನಲ್ಲಿ ಇವರು ಒಬ್ಬರೇ. ವಾಪಸು ಬಂದಾಗ ಯಾವ ಕಾರು ಬಂದಿತ್ತು ಎಂದು ಕೇಳಿದೆ. ಯಾವುದೂ ಬರಲಿಲ್ಲ ಎಂದರು. ನಾನು ನಂಬಿದೆ.

ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಮೂಡುಬಿದಿರೆಯಿಂದ ಆ ಕಾರು ಬಂತು. ಅದರ ಯಜಮಾನ ಅಲ್ಲಿ ಹೋಟೆಲು ಇಟ್ಟವನು, ಮಗಳ ಓರಗೆಯವನು. ಕಂಪನಿ ಕೊಟ್ಟ ಶಕ್ತಿ ಸಾಲದು ಎಂದು ಕೆಲವು ವರ್ಷ ಮೊದಲು ಇವರ ಕೈಯಲ್ಲೇ ಟರ್ಬೊ ಹಾಕಿಸಿಕೊಂಡಿದ್ದ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಊದುವ ತಿರುಗಣೆ. ಅದು ಊದಿದಾಗ ಪೆಟ್ರೋಲೂ ಹೆಚ್ಚು ಬೇಕು. ಆ ಕಾರು ಇವರ ಹೆಮ್ಮೆ. ರಸ್ತೆಯಲ್ಲಿ ಅದು ಹೋದ ಶಬ್ದ ಕೇಳಿದರೆ ಚಾ ಕುಡಿಯುವುದನ್ನು ನಿಲ್ಲಿಸಿ ಕಿವಿ ಕೊಡುತ್ತಿದ್ದರು.

ಅವನು ಇಳಿದವನೇ, "ಅಣ್ಣ, ಪೆಟ್ರೋಲು ಕುಡಿಯುವುದು ನೋಡಿದ್ರೆ ಇದು ಕಾರಲ್ಲ, ಕೋಣ" ಎಂದ.

"ಕೋಣಕ್ಕೆ ಹುರುಳಿ ಹಾಕ್ಬೇಕು. ನೀನು ಹೋಟೆಲಿನ ನಿನ್ನೆಯ ಸಾಂಬಾರು ಹಾಕಿರ್ಬೇಕು" ಎಂದರು ಇವರು.

ಕಾರು ನಿಂತಲ್ಲೇ ಉಸಿರಾಡುತ್ತಿತ್ತು. ಹೊಗೆಯ ವಾಸನೆಗೆ ನನ್ನ ಹೊಸ ಕಣ್ಣು ಉರಿಯಿತು. ಇವರು ಸೈಲೆನ್ಸರಿನ ಬಾಯೊಳಗೆ ಬೆರಳಾಡಿಸಿ ನನ್ನ ಮುಂದೆ ಹಿಡಿದರು. ಬೆರಳು ಕಪ್ಪಾಗಿತ್ತು.

"ನೋಡು, ತೊಟ್ಟಿಲಿನ ಮಗುವಿಗೆ ಕಾಡಿಗೆ ಹಚ್ಚಬಹುದು."

ಅವನು ಸ್ಟಿಯರಿಂಗ್ ಕೆಳಗೆ ಒಂದು ಸಣ್ಣ ಡಬ್ಬಿ ಸಿಕ್ಕಿಸಿ ಮೊಬೈಲಿನಲ್ಲಿ ಅಂಕಿ ತೋರಿಸಿದ. ಕಾರಿನ ಕಂಪ್ಯೂಟರು ಹೊಗೆಯ ರುಚಿ ನೋಡಿ ಪೆಟ್ರೋಲು ಕೂಡಿಸುತ್ತದೆ, ಕಳೆಯುತ್ತದೆ. ಎಷ್ಟು ಕೂಡಿಸಿತು, ಎಷ್ಟು ಕಳೆಯಿತು ಎನ್ನುವುದಕ್ಕೆ ಟ್ರಿಮ್ ಎಂದು ಹೆಸರು. ಸಾರಿಗೆ ಉಪ್ಪು ನೋಡಿದ ಹಾಗೆ ಎಂದು ಇವರು ನನಗೆ ಹಿಂದೊಮ್ಮೆ ಹೇಳಿದ್ದರು. ಅಂಕಿ ನನಗೆ ಬರುತ್ತದೆ, ಬೀಡಿ ಎಣಿಸಿದವಳಲ್ಲವಾ. ಇಪ್ಪತ್ತೈದು ಇತ್ತು, ಅದರ ಹಿಂದೆ ಒಂದು ಗೀಟು.

"ಮೈನಸ್ ಇಪ್ಪತ್ತೈದು ಅಣ್ಣ. ಅಷ್ಟು ಕಳೆದರೂ ವಾಸನೆ ಹೋಗುವುದಿಲ್ಲ. ಆವತ್ತು ನೀವು ರಬ್ಬರು ಪೈಪೆಲ್ಲ ಬದಲಿಸಿದಿರಲ್ಲ, ಆಮೇಲೆ ಶುರುವಾದದ್ದು."

"ಯಾವತ್ತು?"

"ಅಕ್ಕ ಕಣ್ಣಿನ ಆಪರೇಷನ್ ಅಂತ ಬಂಟ್ವಾಳದಲ್ಲಿ ಇದ್ರಲ್ಲ, ಆಗ."

ಇವರು ನಕ್ಕರು. "ಟರ್ಬೊ ಕೂರಿಸಿದ್ದು ನಾನು, ಅದು ಹೌದು. ಆಮೇಲೆ ನೀನು ಈ ಕಡೆ ಮುಖ ಹಾಕಿದ್ದುಂಟಾ? ಬೇರೆ ಯಾರ ಹತ್ರವೋ ಮಾಡಿಸಿ ಈಗ ನನ್ನ ತಲೆಗೆ ಕಟ್ತೀಯಾ?"

ಅವನು ನನ್ನ ಮುಖ ನೋಡಿದ. ವಾದ ಬೇಡ ಎಂದು ನಾನು ತಲೆ ಅಲ್ಲಾಡಿಸಿದೆ. ಒಳ್ಳೆಯ ಮನುಷ್ಯ. "ಹೌದು ಅಣ್ಣ, ಬೇರೆ ಕಡೆ ಮಾಡಿಸಿದ್ದೆ. ತಪ್ಪಾಯ್ತು" ಎಂದ.

ನಾನು ಕತ್ತರಿ ಕೆಳಗಿಟ್ಟೆ. ಆ ಗಳಿಗೆಯಲ್ಲೇ ಒಂದು ನಿರ್ಧಾರ ಮಾಡಿದೆ. ಇವತ್ತು ಇವರು ಈ ಕಾರಿನ ರೋಗ ಕಂಡುಹಿಡಿದರೆ ಗ್ಯಾರೇಜು ಇರಲಿ, ಮಗಳ ಬಾಯಿ ನಾನು ಮುಚ್ಚಿಸುತ್ತೇನೆ. ಹಿಡಿಯಲಾಗದಿದ್ದರೆ ಬಾಗಿಲು ಹಾಕುವುದು. ದೇವರಿಗೆ ಹರಕೆಯೊಂದೂ ಹೇಳಲಿಲ್ಲ. ಸುಮ್ಮನೆ ನೋಡುತ್ತಾ ಕೂತೆ.

ಅವತ್ತು ಇವರು ಕೆಲಸ ಮಾಡಿದ ರೀತಿ ಈಗಲೂ ನನ್ನ ಕಣ್ಣ ಮುಂದೆ ಉಂಟು. ಅವಸರ ಇಲ್ಲ. ಮೊದಲು ಗಾಳಿಯ ಫಿಲ್ಟರು ತೆಗೆದು ಬೆಳಕಿಗೆ ಹಿಡಿದರು. ಚೊಕ್ಕ ಇತ್ತು. ಆಮೇಲೆ ಅವನನ್ನು ಒಳಗೆ ಕೂರಿಸಿ, "ಸ್ವಲ್ಪ ಒತ್ತು, ಅಂಕಿ ಹೇಳು" ಎಂದರು. ಆಕ್ಸಿಲರೇಟರ್ ಒತ್ತಿದಂತೆ ಗೀಟಿನ ಮುಂದಿನ ಅಂಕಿ ಇಳಿಯುತ್ತಾ ಬಂತು. ಬಿಟ್ಟರೆ ಮತ್ತೆ ಇಪ್ಪತ್ತೈದು.

"ಹಾಂ. ನಿಂತಲ್ಲಿ ಹೆಚ್ಚು, ಓಡುವಾಗ ಸರಿ. ಗಾಳಿ ಸೋರುವುದಾದ್ರೆ ಇದಕ್ಕೆ ಉಲ್ಟಾ ಆಗ್ಬೇಕು."

ಪೆಟ್ರೋಲಿನ ಪೈಪಿನಲ್ಲಿ ಒಂದು ಮೀಟರು ಇತ್ತು, ಗಡಿಯಾರದ ಹಾಗೆ ಮುಳ್ಳು ಇರುವಂಥದ್ದು. ಎಂಜಿನ್ ಬಂದ್ ಮಾಡಿಸಿ ಅದನ್ನೇ ನೋಡುತ್ತಾ ನಿಂತರು. ಮುಳ್ಳು ಇಳಿಯಲಿಲ್ಲ. "ಇಂಜೆಕ್ಟರು ಸೋರುವುದಿಲ್ಲ. ಸೋರಿದ್ರೆ ಮುಳ್ಳು ಬೀಳ್ತದೆ." ಹೇಳಿದ್ದು ಅವನಿಗಲ್ಲ, ನನಗೂ ಅಲ್ಲ. ತನಗೇ ಹೇಳಿಕೊಂಡದ್ದು. ಮೊದಲೆಲ್ಲ ಹೀಗೇ ಇದ್ದರು. ನನಗೆ ಎದೆಯಲ್ಲಿ ಏನೋ ಹಗುರವಾಯಿತು. ಡಾಕ್ಟರಿಗೆ ಏನು ಗೊತ್ತು, ಆಯಾಸ ಇರಬೇಕು, ನಿದ್ದೆ ಸಾಲದಿರಬೇಕು, ಮನೆಯಲ್ಲಿ ನಾನೂ ಇಲ್ಲದೆ ಹೊತ್ತಿಗೆ ಸರಿಯಾಗಿ ಉಣ್ಣಲಿಲ್ಲ. ಆಸೆಗೆ ಹೇಳಲು ಕಾರಣ ಬೇಕಾದಷ್ಟು.

ಕೊನೆಗೆ ಬಂದು ನಿಂತದ್ದು ಬಾನೆಟ್ಟಿನ ಒಳಗಿನ ಒಂದು ಪುಟ್ಟ ಡಬ್ಬಿಯ ಹತ್ತಿರ. ಪೆಟ್ರೋಲಿನ ಒತ್ತಡ ಹಿಡಿದಿಡುವುದು ಅದರ ಕೆಲಸ. ಎಂಜಿನ್ನಿನಿಂದ ಅದಕ್ಕೆ ಕಿರುಬೆರಳಿಗಿಂತ ಸಪೂರದ ಒಂದು ರಬ್ಬರು ಪೈಪು. ಎಂಜಿನ್ ಸುಮ್ಮನೆ ನಿಂತಿರುವಾಗ ಆ ಪೈಪು ಗಾಳಿ ಎಳೆದು ಡಬ್ಬಿಗೆ 'ಸಾಕು' ಎನ್ನಬೇಕು. ಟರ್ಬೊ ಊದುವಾಗ 'ಇನ್ನೂ ಬೇಕು' ಎನ್ನಬೇಕು. ಎಂಜಿನ್ ಚಾಲು ಮಾಡಿಸಿ ಇವರು ಡಬ್ಬಿಯ ಕಡೆಯಿಂದ ಪೈಪು ಎಳೆದರು. ಮೀಟರಿನ ಮುಳ್ಳು ಮೇಲೆ ಹಾರಬೇಕಿತ್ತು. ಅಲ್ಲಾಡಲಿಲ್ಲ. ಪೈಪಿನ ಬಾಯಿಗೆ ಬೆರಳಿಟ್ಟರು.

"ಎಳೆಯುವುದಿಲ್ಲ. ಸತ್ತಿದೆ ಇದು. ಬಂದ್ ಮಾಡು, ರೋಗ ಸಿಕ್ಕಿತು."

"ಸಿಕ್ಕಿತಾ ಅಣ್ಣ?"

"ಸಿಗದೆ? ನಾನೆಂತ ಹಜಾಮನಾ? ಒಳಗೆ ಏನೋ ಕೂತಿದೆ. ನೀನು ಇದರಲ್ಲಿ ಘಟ್ಟ ಹತ್ತಲಿಲ್ಲ ಅಲ್ವಾ?"

"ಮುಂದಿನ ವಾರ ಚಾರ್ಮಾಡಿ ಹತ್ತಿ ಹೆಂಡತಿಯ ಊರಿಗೆ ಹೋಗುವ ಅಂತ ಇದ್ದೆ. ಮಕ್ಕಳೂ ಇದ್ದಾರೆ."

"ಹತ್ತಿದ್ರೆ ಟರ್ಬೊ ಊದುವಾಗ ಪೆಟ್ರೋಲು ಸಾಲದೆ ಪಿಸ್ಟನ್ ಕರಗ್ತಿತ್ತು. ತಿರುವಿನಲ್ಲಿ ನೀನು ಮಕ್ಕಳನ್ನು ಹಿಡ್ಕೊಂಡು ನಿಲ್ತಿದ್ದೆ, ಹಿಂದಿನಿಂದ ಲಾರಿ ಬರ್ತಿತ್ತು."

ನಾನು ಎದ್ದು ಹತ್ತಿರ ಹೋದೆ. ನಗು ತಡೆಯಲಾಗಲಿಲ್ಲ. ಎಷ್ಟೋ ತಿಂಗಳ ಮೇಲೆ ಬಂದ ನಗು. ಇವರು ಪೈಪನ್ನು ಪೂರ್ತಿ ಬಿಚ್ಚಿ, ಬೆಳಕಿಗೆ ಹಿಡಿದು, ತಂತಿ ಹಾಕಿ ಮೆಲ್ಲನೆ ನೂಕಿದರು. ಇನ್ನೊಂದು ತುದಿಯಿಂದ ಅದು ಹೊರಗೆ ಬಂದು ಇವರ ಅಂಗೈಯಲ್ಲಿ ಬಿತ್ತು.

ಎಣ್ಣೆ ಕುಡಿದು ಉಬ್ಬಿತ್ತು, ಕಪ್ಪಾಗಿತ್ತು. ಎಲೆಯ ಸುತ್ತು ಮಾತ್ರ ಬಿಟ್ಟಿರಲಿಲ್ಲ. ನಡುವಿನಲ್ಲಿ ಹಸಿರು ನೂಲು, ಎರಡು ಗಂಟು.

ನಾನು ಕಟ್ಟಿದ ಗಂಟು ನನಗೆ ಗೊತ್ತಾಗದಾ.

ನಾನಿಲ್ಲದಾಗ ಖಾಲಿ ಬೀಡಿ ತುಂಬಿಟ್ಟ ಡಬ್ಬದಿಂದ ಒಂದನ್ನು ತೆಗೆದು ಪೈಪಿಗೆ ಸಿಕ್ಕಿಸಿದ್ದಾರೆ. ತೆಗೆದು ಎಸೆಯಲು ಎದುರಿಗೆ ತಡ್ಪೆ ಇರಲಿಲ್ಲ. ಬಂತಾ ಎಂದು ಕೇಳುವವಳೂ ಇರಲಿಲ್ಲ. ಹಾಗೇ ಪೈಪು ಜೋಡಿಸಿ ಬಾನೆಟ್ಟು ಮುಚ್ಚಿದ್ದಾರೆ. ಅಷ್ಟೇ ನಡೆದದ್ದು.

ಅವನಿಗೂ ಗೊತ್ತಾಯಿತು. ಅವನು ಈ ಖಾಲಿ ಬೀಡಿಗಳನ್ನು ನೋಡಿದವನೇ. ಆದರೆ ಹಳೆಯದೆಲ್ಲ ನೆನಪಿದ್ದ ಇವರಿಗೇ ಗೊತ್ತಾಗಲಿಲ್ಲ. ಅಂಗೈಯನ್ನು ಮುಖದ ಹತ್ತಿರ ತಂದು ಮೂಸಿ ನೋಡಿದರು. ಆಮೇಲೆ ಬಂತು ಸಿಟ್ಟು.

"ಯಾವ ಕತ್ತೆ ಮಾಡಿದ್ದು ಇದು? ಬೀಡಿ ತುರುಕಿ ಬಿಟ್ಟಿದ್ದಾನೆ, ಬೀಡಿ! ಕುಡಿದಿದ್ದನಾ ಅವನು? ಮಕ್ಕಳು ಕೂರುವ ಗಾಡಿ ಇದು!"

"ಹೋಗ್ಲಿ ಬಿಡಿ ಅಣ್ಣ" ಎಂದ ಅವನು.

"ಎಂತ ಬಿಡುವುದು? ಗ್ಯಾರೇಜು ಎಲ್ಲಿ ಹೇಳು, ನಾನೇ ಹೋಗ್ತೇನೆ. ಅಂಥವನ ಕೈಯಿಂದ ಸ್ಪ್ಯಾನರು ಕಿತ್ಕೊಳ್ಬೇಕು. ಇನ್ನು ಜನ್ಮದಲ್ಲಿ ಮುಟ್ಲಿಕ್ಕೆ ಬಿಡಬಾರ್ದು." ಆಮೇಲೆ ನನ್ನ ಕಡೆ ತಿರುಗಿದರು. "ಹೌದಾ ಅಲ್ವಾ? ನೀನು ಹೇಳು."

"ಹೌದು" ಎಂದೆ.

ಬೇರೆ ಏನು ಹೇಳಲಿ? ಇವರು ಹೇಳಿದ್ದು ಸರಿ ಇತ್ತು.

ಇವರು ಅದನ್ನು ರಸ್ತೆಗೆ ಎಸೆಯಹೋದರು. ನಾನು ಕೈ ಹಿಡಿದು ಇಸಕೊಂಡೆ. ಬೆರಳೆಲ್ಲ ಎಣ್ಣೆಯಾಯಿತು. ಸೆರಗಿನ ತುದಿಗೆ ಕಟ್ಟಿಕೊಂಡೆ.

ಪೈಪು ಜೋಡಿಸಿದ ಮೇಲೆ ಅಂಕಿ ತಾನಾಗಿ ಇಳಿಯಲು ಹೊತ್ತು ಬೇಕು, ಕಂಪ್ಯೂಟರಿಗೆ ಹಳೆಯದು ಅಭ್ಯಾಸವಾಗಿರುತ್ತದೆ ಎಂದು ಇವರೇ ಹೇಳಿದರು. ಅದಕ್ಕೆ ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿಸಿ ಅದರ ನೆನಪು ಅಳಿಸಿದರು. ಹೊಸದಾಗಿ ಕಲಿತುಕೊಳ್ಳುತ್ತದಂತೆ. ಎಂಜಿನ್ ಹಗುರವಾಗಿ ಉಸಿರಾಡಿತು. ಕಣ್ಣು ಉರಿಯಲಿಲ್ಲ, ಆದರೂ ನನ್ನ ಕಣ್ಣಲ್ಲಿ ನೀರು ಬಂತು. ಆಪರೇಷನ್ ಆದ ಕಣ್ಣು ಎಂದೆ. ಯಾರೂ ಕೇಳಿರಲಿಲ್ಲ.

ಹೋಗುವಾಗ ಅವನು ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ಅಕ್ಕ, ನಾನು ಯಾರ ಹತ್ರವೂ ಹೇಳುವುದಿಲ್ಲ" ಎಂದ.

"ಹೇಳು" ಎಂದೆ. "ಈ ಗ್ಯಾರೇಜಿಗೆ ಬರಬೇಡಿ ಅಂತ ಎಲ್ಲರಿಗೂ ಹೇಳು."

ಅವನು ಅಳುವ ಮುಖ ಮಾಡಿಕೊಂಡು ಕಾರು ಹತ್ತಿದ. ಆ ಶಬ್ದ ವೇಣೂರಿನ ಕಡೆ ಹೋಗುವವರೆಗೆ ಇವರು ರಸ್ತೆಯ ಬದಿಯಲ್ಲಿ ಕಿವಿ ಕೊಟ್ಟು ನಿಂತಿದ್ದರು. ಒಳಗೆ ಬಂದು, "ಕೇಳಿದ್ಯಾ? ಹಾಡ್ತಾ ಹೋಯ್ತು" ಎಂದರು. ತುಂಬ ಸಂತೋಷದಲ್ಲಿದ್ದರು. ಸಂಜೆ ಚಾ ಕೊಡುವಾಗ, ಇವತ್ತು ಕಾರು ಒಂದೂ ಬರಲಿಲ್ಲ ಅಲ್ವಾ ಎಂದು ಕೇಳಿದರು.

ಅದೊಂದು ಕೆಟ್ಟದಾಯಿತು. ಹಿಡಿದ ರೋಗವಾದರೂ ನೆನಪಿರಬಹುದಿತ್ತು.

ಮರುದಿನ ಬೆಳಿಗ್ಗೆ ಇವರು ಏಳುವ ಮೊದಲು ನಾನು ಶೆಡ್ಡಿಗೆ ಹೋಗಿ ಸ್ಪ್ಯಾನರಿನ ಪೆಟ್ಟಿಗೆ ತೆರೆದೆ. ಸೀಮೆಎಣ್ಣೆಯಲ್ಲಿ ಅದ್ದಿ, ಒರಸಿ, ಇವರ ಹಳೆಯ ಪಂಚೆಯ ಮೇಲೆ ಸಾಲಾಗಿ ಇಡುತ್ತಾ ಹೋದೆ. ಬೆಳ್ತಂಗಡಿಯಲ್ಲಿ ಗ್ಯಾರೇಜು ಇಟ್ಟುಕೊಂಡ ಒಬ್ಬನಿಗೆ ಕೊಡುವುದು ಎಂದು ಮನಸ್ಸಿನಲ್ಲಿತ್ತು. ಅವನು ಇವರ ಹತ್ತಿರವೇ ಕೆಲಸ ಕಲಿತವನು. ಇವರು ಎದ್ದು ಖಾಕಿ ಅಂಗಿ ಹಾಕಿಕೊಂಡು ಬಂದರು.

"ಎಂತ ಮಾಡ್ತಿದ್ದೀ ಬೆಳಿಗ್ಗೆ ಬೆಳಿಗ್ಗೆ?"

"ಒರಸ್ತಿದ್ದೇನೆ."

"ಯಾರಿಗೆ?"

"ಕೊಡ್ಲಿಕ್ಕುಂಟು, ಒಬ್ಬರಿಗೆ."

"ಕೆಲಸ ಗೊತ್ತಿದ್ದವನಾ?"

"ಗೊತ್ತಿದ್ದವ."

"ಹಾಗಾದ್ರೆ ಇಲ್ಲಿ ಕೊಡು, ನಿನಗೆ ಒರಸ್ಲಿಕ್ಕೆ ಬರುವುದಿಲ್ಲ. ಹಲ್ಲಿನ ಒಳಗೆಲ್ಲ ಕೊಳೆ ಉಂಟು" ಎಂದು ನನ್ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು. ಇಬ್ಬರೂ ಸೇರಿ ಒರಸಿದೆವು. ಹತ್ತನೇ ನಂಬರಿನದ್ದನ್ನು ಮಾತ್ರ ಇವರು ಪಂಚೆಯ ಮೇಲೆ ಇಡಲಿಲ್ಲ. ಅಂಗಿಯ ಕಿಸೆಗೆ ಹಾಕಿಕೊಂಡರು, ಯಾವಾಗಲೂ ಹಾಕಿಕೊಳ್ಳುವ ಹಾಗೆ. ನಾನು ನೋಡಿದೆ, ಕೇಳಲಿಲ್ಲ. ಉಳಿದದ್ದನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಬೆಳ್ತಂಗಡಿಯ ಬಸ್ಸಿಗೆ ನಿಂತೆ.